ಚಿತ್ರ ಆತ್ಮಕಥೆ: ಓದಿದವರು ಹೇಳುವುದು, ಹೇಳದೆ ಬಿಡುವುದು

ಆತ್ಮಕಥೆ ವಿಭಾಗದ 2025ರ ಪುಲಿಟ್ಜರ್ ಪ್ರಶಸ್ತಿ ಟೆಸ್ಸಾ ಹಲ್ಸ್ ಅವರ ‘ಫೀಡಿಂಗ್ ಘೋಸ್ಟ್ಸ್’ ಕೃತಿಗೆ ಸಂದಿತು. ಶಾಂಘೈಯಲ್ಲಿ ಪತ್ರಕರ್ತೆಯಾಗಿದ್ದ ಅಜ್ಜಿ, ಆ ಅಜ್ಜಿಯೊಂದಿಗೆ ಚೀನಾ ಬಿಟ್ಟು ಬಂದ ತಾಯಿ, ಅಮೆರಿಕದಲ್ಲಿ ಬೆಳೆದ ಮಗಳು, ಹೀಗೆ ಮೂರು ತಲೆಮಾರಿನ ಹೆಣ್ಣುಮಕ್ಕಳ ಕಥೆಯನ್ನು ಆ ಮಗಳೇ ಚಿತ್ರಗಳಲ್ಲಿ ಹೇಳಿರುವ ಪುಸ್ತಕವದು. 1992ರಲ್ಲಿ ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’ ಎಂಬ ಚಿತ್ರಕಥೆಗೂ ಪುಲಿಟ್ಜರ್ ದೊರೆತಿತ್ತು. ಆದರೆ ಆಗ ಅದನ್ನು ಯಾವ ವಿಭಾಗದ ಪಂಕ್ತಿಯಲ್ಲಿಯೂ ಕೂರಿಸದೆ, ‘ವಿಶೇಷ ಪ್ರಶಸ್ತಿ’ ಎಂದು ಬೇರೆ ಎಲೆ ಹಾಕಿ ಬಡಿಸಿದ್ದರು. ಆ ಪಂಕ್ತಿಭೇದ ಹೋಗಲು 33 ವರ್ಷ ಹಿಡಿಯಿತು.

ಚಿತ್ರದಲ್ಲಿ ಹೇಳಿದ ಬದುಕನ್ನೂ ಆತ್ಮಕಥೆಯ ಪಂಕ್ತಿಯಲ್ಲಿ ಕೂರಿಸಬೇಕೇ ಎಂಬ, ಪ್ರಶಸ್ತಿ ಕೊಡುವವರ ಮಟ್ಟಿಗೆ ಇತ್ಯರ್ಥವಾದ ಈ ಪ್ರಶ್ನೆ ಓದುಗರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಗ್ರಾಫಿಕ್ ಮೆಮಾಯರ್ ಎಂದು ಕರೆಸಿಕೊಳ್ಳುವ ಈ ಬಗೆಯ ಪುಸ್ತಕಗಳನ್ನು, ಎಂದರೆ ಬರೆದವರು ತಮ್ಮದೇ ಬದುಕನ್ನು ಚಿತ್ರವನ್ನೂ ಮಾತನ್ನೂ ಬೆರೆಸಿ ಹೇಳುವ ಆತ್ಮಕಥೆಗಳನ್ನು, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರೂ ಈಗ ಕೈಗೆತ್ತಿಕೊಳ್ಳತೊಡಗಿದ್ದಾರೆ. ಕಾಲೇಜಿನ ಅಧ್ಯಾಪಕರು, ಬ್ಯಾಂಕಿನಿಂದ ನಿವೃತ್ತರಾದವರು, ಚಿತ್ರಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರು ಯಾರದೋ ಮನೆಯ ಪಡಸಾಲೆಯಲ್ಲಿ ಸೇರಿ, ಓದಿದ್ದನ್ನು ಹಂಚಿಕೊಳ್ಳುವ ಸಣ್ಣ ಕೂಟಗಳಲ್ಲಿ ನಾನೂ ಕುಳಿತಿದ್ದೇನೆ. ಅಲ್ಲಿ ಕೇಳಿದ ಮಾತುಗಳನ್ನು, ಬೇರೆ ದೇಶಗಳಲ್ಲಿ ಇವೇ ಪುಸ್ತಕಗಳಿಗೆ ಬಂದಿರುವ ಪ್ರತಿಕ್ರಿಯೆಗಳ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ಮೆಚ್ಚಿದವರು ಕಥೆಯ ಬಗ್ಗೆಯೇ ಮಾತನಾಡುತ್ತಾರೆ. ಚಿತ್ರದ ಬಗ್ಗೆ ಬಾಯಿ ಬಿಡುವವರು ಬಹುಮಟ್ಟಿಗೆ ವಿರೋಧಿಗಳು ಮಾತ್ರ. ಚಿತ್ರವನ್ನು ಹೇಗೆ ಓದಬೇಕೆಂಬ ಮಾತನ್ನು ಮೆಚ್ಚುವವರು ಬೆಳೆಸಿಕೊಳ್ಳದೆ ಹೋದದ್ದರಿಂದಲೇ ಈ ಪುಸ್ತಕಗಳು ಒಂದು ಕಡೆ ಶಾಲೆಗಳಿಂದ ಹೊರಬೀಳುತ್ತಿವೆ, ಇನ್ನೊಂದು ಕಡೆ ಕನ್ನಡದಲ್ಲಿ ಹುಟ್ಟದೆಯೇ ಉಳಿಯುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಕೂಟದಲ್ಲಿ ಮೊದಲು ಬರುವ ದೂರು ಸಮಯದ್ದು. “ಸರ, ಒಂದ ತಾಸಿನ್ಯಾಗ ಮುಗದ್ಹೋತ್ರಿ. ಇಷ್ಟ ರೊಕ್ಕಾ ಕೊಟ್ಟಿದ್ದಕ್ಕ ಇನ್ನೊಂದೀಟ ಓದಾಕ ಇರಬೇಕಿತ್ತು” ಎಂದು ಬೆಳಗಾವಿಯ ಟಿಳಕವಾಡಿಯ ಕೂಟವೊಂದರಲ್ಲಿ ಬ್ಯಾಂಕಿನ ನಿವೃತ್ತ ಅಧಿಕಾರಿಯೊಬ್ಬರು, ಮರ್ಜಾನ್ ಸತ್ರಪಿ ಇರಾನಿನಲ್ಲಿ ಕಳೆದ ತಮ್ಮ ಬಾಲ್ಯವನ್ನು ಹೇಳಿಕೊಂಡಿರುವ ‘ಪರ್ಸೆಪೊಲಿಸ್’ ಕುರಿತು ಹೇಳಿದರು. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಇಂತಹ ಪುಸ್ತಕದಲ್ಲಿರುವ ಮಾತನ್ನಷ್ಟೇ ಹೆಕ್ಕಿ ಜೋಡಿಸಿದರೆ ಒಂದು ನೀಳ್ಗತೆಗಿಂತ ಬಹಳ ಹೆಚ್ಚೇನೂ ಆಗಲಿಕ್ಕಿಲ್ಲ. ಕಣ್ಣು ಒಂದು ಮಾತಿನ ಗುಳ್ಳೆಯಿಂದ ಇನ್ನೊಂದು ಗುಳ್ಳೆಗೆ ಜಿಗಿಯುತ್ತಾ ಹೋದರೆ ಪುಸ್ತಕ ಒಂದು ತಾಸಿನಲ್ಲಿ ಮುಗಿಯಲೇಬೇಕು. ಹಾಗೆ ಜಿಗಿಯುವುದನ್ನು ಕಣ್ಣು ಎಲ್ಲಿ ಕಲಿಯಿತು ಎಂಬುದನ್ನು ಕೇಳಿಕೊಳ್ಳಬೇಕು.

ನಮ್ಮ ಪಠ್ಯಪುಸ್ತಕದಲ್ಲಿ ಚಿತ್ರವಿರುವುದು ಪಾಠದ ಅಂದಕ್ಕೆ. ಪರೀಕ್ಷೆಯ ಪ್ರಶ್ನೆ ಬರುವುದು ಅಕ್ಷರದಿಂದ. ‘ಚಂದಮಾಮ’, ‘ಬಾಲಮಂಗಳ’ಗಳನ್ನು ಓದುತ್ತಾ ಬೆಳೆದವರಿಗೆ ಚಿತ್ರಕಥೆ ಎಂದರೆ ಮೀಸೆ ಮೂಡುವುದರೊಳಗೆ ಬಿಟ್ಟುಬಿಡಬೇಕಾದ ಅಭ್ಯಾಸ. ದಿನಪತ್ರಿಕೆಯ ಮೂಲೆಯ ವ್ಯಂಗ್ಯಚಿತ್ರವನ್ನು ದೊಡ್ಡವರೂ ತಪ್ಪದೆ ನೋಡುತ್ತಾರೆ, ಆದರೆ ನಕ್ಕು ಪುಟ ತಿರುಗಿಸುವುದಕ್ಕಾಗಿ. ಅಮರ ಚಿತ್ರ ಕಥೆ ಮಾಲಿಕೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ; ಇಂಗ್ಲಿಷ್ ಮಾಲಿಕೆ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ದಿಂದ ಆರಂಭವಾದದ್ದು ಅದೇ ಕಾರಣಕ್ಕೆ. ಅಷ್ಟು ಹಿಂದೆಯೇ ಚಿತ್ರಕಥೆಗೆ ಬಾಗಿಲು ತೆರೆದ ಭಾಷೆಯಲ್ಲಿ ಅದು ಮಕ್ಕಳ ಕೋಣೆಯನ್ನು ದಾಟಿ ಪಡಸಾಲೆಗೆ ಬಾರದೆ ಉಳಿಯಿತು. ಹೀಗಾಗಿ ನಮ್ಮ ಓದುಗನಿಗೆ ಚಿತ್ರ ಎಂದರೆ ಮಕ್ಕಳದ್ದು ಇಲ್ಲವೆ ನಗೆಯದ್ದು. ದುಃಖವನ್ನೂ ಅವಮಾನವನ್ನೂ ಚಿತ್ರದಲ್ಲಿ ಓದುವ ರೂಢಿ ಅವನಿಗೆ ಬಂದಿಲ್ಲ. ಇದನ್ನು ಅವನ ದಡ್ಡತನ ಎನ್ನಲಾಗದು, ಅಭ್ಯಾಸ ತಪ್ಪಿದ್ದು ಎನ್ನಬಹುದು.

ಮೇಲಿನ ಬ್ಯಾಂಕ್ ಅಧಿಕಾರಿಯ ಮುಂದೆ ‘ಪರ್ಸೆಪೊಲಿಸ್’ನ ಒಂದು ಪುಟವನ್ನು ಮತ್ತೆ ತೆರೆದಿಟ್ಟೆವು. ಇರಾನ್-ಇರಾಕ್ ಯುದ್ಧದ ಕಾಲ. ಬಡವರ ಮನೆಯ ಹುಡುಗರಿಗೆ ಶಾಲೆಯಲ್ಲಿ ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಬೀಗದ ಕೈ ಕೊಟ್ಟು, ಯುದ್ಧಕ್ಕೆ ಹೋಗಿ ಸತ್ತರೆ ಇದರಿಂದ ಸ್ವರ್ಗದ ಬಾಗಿಲು ತೆರೆಯುತ್ತದೆ ಎಂದು ನಂಬಿಸಲಾಗುತ್ತದೆ. ಸತ್ರಪಿಯವರ ಮನೆಗೆಲಸದಾಕೆಯ ಮಗನಿಗೂ ಅಂಥದ್ದೊಂದು ಸಿಕ್ಕಿರುತ್ತದೆ. ಆ ಅಧ್ಯಾಯದ ಕೊನೆಯ ಪುಟದ ಮೇಲ್ಭಾಗದ ದೊಡ್ಡ ಚೌಕದಲ್ಲಿ ನೆಲಬಾಂಬು ಸಿಡಿದು ಹುಡುಗರು ಗಾಳಿಗೆ ಹಾರಿದ್ದಾರೆ. ಮುಖಗಳಿಲ್ಲ, ಬರೀ ಕಪ್ಪು ಆಕೃತಿಗಳು, ಕೊರಳಲ್ಲಿ ಮಾತ್ರ ಆ ಬೀಗದ ಕೈಗಳು. ಅದರ ಕೆಳಗಿನ ಚೌಕದಲ್ಲಿ ಮಾರ್ಜಿ, ಎಂದರೆ ಬಾಲಕಿ ಸತ್ರಪಿ, ತನ್ನ ಮೊದಲ ಪಾರ್ಟಿಯಲ್ಲಿ ಗೆಳೆಯರೊಂದಿಗೆ ಕುಣಿಯುತ್ತಿದ್ದಾಳೆ. ಅವಳು ತೊಟ್ಟಿರುವುದು ತಾಯಿ ಹೆಣೆದು ಕೊಟ್ಟ, ಫ್ಯಾಶನ್ನಿಗಾಗಿಯೇ ತೂತು ಬಿಟ್ಟ ಸ್ವೆಟರು. ಕೊರಳಲ್ಲಿ ಸರಪಳಿ ಮತ್ತು ಮೊಳೆಗಳ ಹಾರ.

ಎರಡೂ ಸಂಗತಿಗಳನ್ನು ಮಾತು ಒಂದರ ಹಿಂದೊಂದು ಹೇಳಿ ಸುಮ್ಮನಾಗುತ್ತದೆ. ಮೇಲೆ ಸಿಡಿದವರ ಕೈಕಾಲುಗಳ ಭಂಗಿಯೂ ಕೆಳಗೆ ಕುಣಿಯುವವರ ಕೈಕಾಲುಗಳ ಭಂಗಿಯೂ ಒಂದೇ ಎಂಬುದನ್ನು ಅದು ಹೇಳುವುದಿಲ್ಲ. ಮೇಲಿನ ಕೊರಳಿಗೆ ಬೀಗದ ಕೈ ಬಿದ್ದಂತೆ ಕೆಳಗಿನ ಕೊರಳಿಗೆ ಮೊಳೆಯ ಹಾರ ಬಿದ್ದಿದೆ ಎಂದೂ ಹೇಳುವುದಿಲ್ಲ. ಅದನ್ನು ಕಂಡವಳು ಇಳಕಲ್ಲಿನಿಂದ ಬಂದಿದ್ದ ಚಿತ್ರಕಲೆಯ ವಿದ್ಯಾರ್ಥಿನಿ. ನೇಕಾರರ ಮನೆಯ ಹುಡುಗಿಯಾದ್ದರಿಂದಲೋ ಏನೋ, ಅವಳ ಕಣ್ಣು ಮೊದಲು ಹೋದದ್ದು ಸ್ವೆಟರಿನ ತೂತುಗಳ ಮೇಲೆ. “ಮ್ಯಾಲಿನವರ ಮೈಯಾಗ ತೂತು ಬಿದ್ದಾವು, ಇಕಿ ತೂತು ಮಾಡಿಸ್ಕೊಂಡ ಹಾಕ್ಕೊಂಡಾಳ್ರಿ” ಎಂದಳು. ಬಡವರ ಮಕ್ಕಳು ಸತ್ತ ಯುದ್ಧದಲ್ಲಿ ಉಳ್ಳವರ ಮಗಳಾಗಿ ತಾನು ಉಳಿದೆ ಎಂಬ ಲೇಖಕಿಯ ಒಳಗುದಿ ಇರುವುದು ಆ ಎರಡು ಚೌಕಗಳ ಹೊಂದಾಣಿಕೆಯಲ್ಲಿ. ಒಂದು ತಾಸಿನ ಓದಿಗೆ ಇಡೀ ಅಧ್ಯಾಯ ಸಿಕ್ಕಿತ್ತು, ಇದು ಸಿಕ್ಕಿರಲಿಲ್ಲ.

ಚೌಕಗಳ ನಡುವೆ ಇರುವ ಬಿಳಿಯ ಪಟ್ಟಿಯೇ ಈ ಕಲೆಯ ತಿರುಳು ಎಂದು ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ನಲ್ಲಿ ವಿವರಿಸಿದ್ದಾರೆ. ಒಂದು ಚೌಕದಲ್ಲಿ ಎತ್ತಿದ ಕೊಡಲಿ, ಮುಂದಿನ ಚೌಕದಲ್ಲಿ ಕೂಗು. ಏಟು ಹಾಕುವವನು ಓದುಗನೇ. ಕಾದಂಬರಿಯ ಓದುಗನಿಗೆ ಲೇಖಕ ಏಟನ್ನು ವರ್ಣಿಸಿಯೇ ಕೊಡುತ್ತಾನೆ. ಸಿನಿಮಾದಲ್ಲಿ ನೋಡುಗ ಬೇಡವೆಂದರೂ ದೃಶ್ಯ ಮುಂದಕ್ಕೆ ಓಡುತ್ತದೆ. ಚಿತ್ರ ಆತ್ಮಕಥೆಯಲ್ಲಿ ಮಾತ್ರ ಎಷ್ಟು ಹೊತ್ತು ನಿಲ್ಲಬೇಕು, ನಡುವೆ ಏನಾಯಿತೆಂದು ಕಲ್ಪಿಸಿಕೊಳ್ಳಬೇಕು ಎಂಬುದೆಲ್ಲ ಓದುಗನ ಪಾಲಿಗೆ ಬಿಟ್ಟದ್ದು. ಅದಕ್ಕಾಗಿಯೇ ಇಂತಹ ಪುಸ್ತಕಗಳ ಬಗ್ಗೆ ಇಬ್ಬರು ಓದುಗರ ಅನುಭವ ಇಷ್ಟೊಂದು ಬೇರೆಯಾಗಿರುತ್ತದೆ. ಒಬ್ಬರು “ಏನೂ ಇಲ್ಲ” ಎಂದು ಎತ್ತಿಟ್ಟ ಪುಟದ ಮೇಲೆ ಇನ್ನೊಬ್ಬರು ಕಣ್ಣೊರೆಸಿಕೊಳ್ಳುತ್ತಾರೆ.

‘ಮೌಸ್’ ಓದಿದವರ ಪ್ರತಿಕ್ರಿಯೆ ಇದಕ್ಕಿಂತ ಬೇರೆ ಜಾಡಿನದು. ನಾತ್ಸಿಗಳ ಸಾವಿನ ಶಿಬಿರದಿಂದ ಬದುಕಿ ಬಂದ ತಂದೆ ವ್ಲಾಡೆಕ್, ಆ ತಂದೆಯಿಂದ ಕಥೆ ಕೇಳಿ ಬರೆಯುವ ಮಗ ಆರ್ಟ್; ಯಹೂದಿಗಳಿಗೆ ಇಲಿಯ ಮುಖ, ಜರ್ಮನರಿಗೆ ಬೆಕ್ಕಿನ ಮುಖ. ನಮ್ಮ ಕಡೆಯ ಓದುಗರಿಗೆ ಯುರೋಪಿನ ಇತಿಹಾಸಕ್ಕಿಂತ ಹತ್ತಿರವಾದದ್ದು ಆ ತಂದೆಯ ಜಿಪುಣತನ. ಅರ್ಧ ತಿಂದ ತಿನಿಸಿನ ಪೊಟ್ಟಣವನ್ನು ವ್ಲಾಡೆಕ್ ಅಂಗಡಿಗೆ ಮರಳಿಸಿ ಬರುವ ಪ್ರಸಂಗಕ್ಕೆ ವಿಜಯಪುರದ ಕೂಟದಲ್ಲಿ ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಒಬ್ಬ ಬಾಯಾರು, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ತಮ್ಮ ತಂದೆಯ ಮಾತೆತ್ತಿದರು: “ನಮ್ಮಪ್ಪಾರೂ ಹಿಂಗ ಇದ್ರು. ಸುತ್ತಿ ಇಟ್ಟ ಸುತಳಿ, ಹರದ ಚೀಲಾ, ಒಂದೂ ಒಗ್ಯಾಕ ಕೊಡತಿರಲಿಲ್ಲ. ಬರಗಾಲದಾಗ ಅವರಿಗೆ ಏನಾಗಿತ್ತಂತ ನಾವ್ಯಾರೂ ಕೇಳಲೇ ಇಲ್ಲ.” ಬರಗಾಲದ ನೆನಪು ಮನೆಮನೆಗೂ ಇರುವ ಜಿಲ್ಲೆಯಲ್ಲಿ ಈ ಮಾತಿಗೆ ವಿವರಣೆ ಬೇಕಿರಲಿಲ್ಲ.

ಇದು ಒಳ್ಳೆಯ ಪ್ರತಿಕ್ರಿಯೆಯೇ. ಆತ್ಮಕಥೆ ಓದಿದವರು ತಮ್ಮ ಆತ್ಮಕಥೆಯನ್ನು ಹೇಳತೊಡಗುವುದಕ್ಕಿಂತ ದೊಡ್ಡ ಗೌರವವನ್ನು ಪುಸ್ತಕಕ್ಕೆ ಬೇರೆ ಯಾರು ಕೊಡಬಲ್ಲರು? ಆದರೆ ಇಲಿಯ ಮುಖದ ಬಗ್ಗೆ ಅಂದು ಯಾರೂ ಮಾತನಾಡಲಿಲ್ಲ. ‘ಮೌಸ್’ನ ಎರಡನೆಯ ಭಾಗದಲ್ಲಿ ಸ್ಪೀಗೆಲ್‌ಮನ್ ತಮ್ಮನ್ನೇ ಬರೆದುಕೊಂಡಿರುವ ಪುಟವೊಂದಿದೆ. ಅಲ್ಲಿ ಅವರು ಇಲಿಯಲ್ಲ, ಇಲಿಯ ಮುಖವಾಡವನ್ನು ದಾರದಿಂದ ಬಿಗಿದುಕೊಂಡ ಮನುಷ್ಯ. ಚಿತ್ರ ಬರೆಯುವ ಮೇಜಿನ ಮುಂದೆ ಕುಳಿತು, ಮೊದಲ ಭಾಗಕ್ಕೆ ಸಿಕ್ಕ ಯಶಸ್ಸಿನ ಲೆಕ್ಕ ಹೇಳುತ್ತಿದ್ದಾರೆ. ಮೇಜಿನ ಕೆಳಗೆ ಹೆಣಗಳ ರಾಶಿ. ಸತ್ತವರ ಕಥೆಯಿಂದ ತನಗೆ ಹೆಸರು ಬಂತೆಂಬ ಅಳುಕು, ತಾನು ಆ ಕಥೆಗೆ ನಿಜವಾದ ವಾರಸುದಾರನೇ ಅಲ್ಲವೇ ಎಂಬ ಅನುಮಾನ, ಎರಡೂ ಆ ದಾರದ ಗಂಟಿನಲ್ಲಿವೆ. ಮುಖವಾಡವನ್ನು ಕಥೆಯ ಅಲಂಕಾರ ಎಂದು ದಾಟಿ ಹೋದವರಿಗೆ ವ್ಲಾಡೆಕ್ ಸಿಗುತ್ತಾನೆ, ಆರ್ಟ್ ಸಿಗುವುದಿಲ್ಲ. ಪ್ರಾಣಿಮುಖದ ಈ ತಂತ್ರವನ್ನು ಎಲ್ಲರೂ ಒಪ್ಪಿಲ್ಲ ಎಂಬುದನ್ನೂ ಹೇಳಬೇಕು. ಪೋಲರನ್ನು ಹಂದಿಗಳಾಗಿ ಬರೆದದ್ದಕ್ಕೆ ಪೋಲೆಂಡಿನಲ್ಲಿ ಅಸಮಾಧಾನವೆದ್ದಿತು, ಅಲ್ಲಿ ಪುಸ್ತಕ ಪ್ರಕಟವಾದದ್ದು 2001ರಲ್ಲಿ.

ಇನ್ನು ವಿರೋಧಿಗಳ ಪಾಳಿ. 2022ರ ಜನವರಿಯಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಎಂಟನೆಯ ತರಗತಿಯ ಪಠ್ಯದಿಂದ ‘ಮೌಸ್’ ತೆಗೆಯಲು ಸರ್ವಾನುಮತದಿಂದ, ಹತ್ತಕ್ಕೆ ಹತ್ತು ಮತಗಳಿಂದ, ತೀರ್ಮಾನಿಸಿತು. ಬೈಗುಳದ ಕೆಲವು ಪದಗಳು ಮತ್ತು ಒಂದು ನಗ್ನ ಚಿತ್ರ ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದವು. ಆ ಚಿತ್ರವಾದರೂ ಎಂಥದ್ದು? ಆತ್ಮಹತ್ಯೆ ಮಾಡಿಕೊಂಡ ಲೇಖಕರ ತಾಯಿ ಸ್ನಾನದ ತೊಟ್ಟಿಯಲ್ಲಿ ಬಿದ್ದಿರುವ ಪುಟ್ಟ ಚೌಕ. 2013ರಲ್ಲಿ ಶಿಕಾಗೋದ ಶಾಲಾ ಆಡಳಿತ ಏಳನೆಯ ತರಗತಿಯಿಂದ ‘ಪರ್ಸೆಪೊಲಿಸ್’ ಹಿಂತೆಗೆದುಕೊಂಡಾಗಲೂ ದೂರು ಇದ್ದದ್ದು ಚಿತ್ರಹಿಂಸೆಯ ಚಿತ್ರಗಳ ಬಗ್ಗೆ. ವಿದ್ಯಾರ್ಥಿಗಳು ಬೀದಿಗಿಳಿದು ಪ್ರತಿಭಟಿಸಿದರು. ಜಪಾನಿನ ಮತ್ಸುಯೆ ನಗರದ ಶಿಕ್ಷಣ ಮಂಡಳಿ, ಆರನೆಯ ವಯಸ್ಸಿನಲ್ಲಿ ಹಿರೋಶಿಮಾದ ಅಣುಬಾಂಬಿನಿಂದ ಪಾರಾದ ಕೇಜಿ ನಕಾಝಾವಾ ತಮ್ಮ ಅನುಭವದಿಂದಲೇ ಹೆಣೆದ ‘ಬೇರ್‌ಫುಟ್ ಗೆನ್’ ಅನ್ನು ಮಕ್ಕಳ ಕೈಗೆ ಸಿಗದಂತೆ ಒಳಗಿಡಲು ಶಾಲಾ ಗ್ರಂಥಾಲಯಗಳಿಗೆ 2012ರಲ್ಲಿ ಸೂಚಿಸಿತು. ಟೀಕೆ ಬಂದ ಮೇಲೆ 2013ರ ಆಗಸ್ಟ್‌ನಲ್ಲಿ ಆ ಸೂಚನೆಯನ್ನು ಹಿಂಪಡೆಯಿತು. ಆದರೂ 2023ರಲ್ಲಿ ಹಿರೋಶಿಮಾ ನಗರವೇ ತನ್ನ ಶಾಂತಿ ಶಿಕ್ಷಣದ ಪಠ್ಯದಿಂದ ಗೆನ್‌ನನ್ನು ಕೈಬಿಟ್ಟಿತು.

ಈ ಎಲ್ಲ ಕಡೆಯೂ ತಕರಾರಿನ ದಾರಿ ಒಂದೇ. ಪುಟದಿಂದ ಒಂದು ಚೌಕವನ್ನು ಕಿತ್ತು ಸಭೆಯ ಮುಂದೆ ಹಿಡಿಯುವುದು. ಬರಹದ ಆತ್ಮಕಥೆಯಲ್ಲಿ ಹೀಗೆ ಮಾಡುವುದು ಕಷ್ಟ, ಏಕೆಂದರೆ ವಾಕ್ಯವನ್ನು ಓದಲೇಬೇಕು, ಓದಿದಾಗ ಹಿಂದುಮುಂದಿನದೂ ಸ್ವಲ್ಪ ಅಂಟಿಕೊಂಡೇ ಬರುತ್ತದೆ. ಚಿತ್ರವನ್ನು ಓದಬೇಕಿಲ್ಲ, ಕಂಡರೆ ಸಾಕು. ಮೊಬೈಲಿನಲ್ಲಿ ಒಂದೇ ಚೌಕದ ಫೋಟೊ ತೆಗೆದು ಗೆಳೆಯರಿಗೆ ಕಳಿಸುವ ನಮ್ಮ ಮೆಚ್ಚುಗೆಯೂ ಇದೇ ಕೆಲಸವನ್ನು ಪ್ರೀತಿಯಿಂದ ಮಾಡುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಕಿತ್ತ ಚೌಕಕ್ಕೆ ಉತ್ತರ ಕೊಡಬೇಕಾದವರು ಅದನ್ನು ಅದರ ಪುಟಕ್ಕೆ ಮರಳಿಸಿ ತೋರಿಸಬೇಕು. ಆ ತಾಯಿಯ ದೇಹ ಅಲ್ಲಿ ಏಕಿದೆ, ಅದರ ಪಕ್ಕದ ಚೌಕದಲ್ಲಿ ಮಗ ಯಾವ ಬಟ್ಟೆಯಲ್ಲಿದ್ದಾನೆ ಎಂದು ಹೇಳಬಲ್ಲವರಾಗಿರಬೇಕು. ‘ಮೌಸ್’ ಪರವಾಗಿ ಎದ್ದ ಹೆಚ್ಚಿನ ದನಿಗಳು “ಇತಿಹಾಸವನ್ನು ಮುಚ್ಚಿಡಬೇಡಿ” ಎಂದವೇ ಹೊರತು ಆ ಚೌಕದ ಮಾತನ್ನು ಎತ್ತಲಿಲ್ಲ. ಪುಸ್ತಕದ ಮಾರಾಟ ಏರಿತು, ಅದೊಂದು ಸಮಾಧಾನ. ವಾದ ಮಾತ್ರ ಎದುರಾಳಿಯ ಅಂಗಳದಲ್ಲಿಯೇ ಉಳಿಯಿತು.

ಮೆಚ್ಚಿದವರು ಚಿತ್ರದ ಮಾತೆತ್ತುವುದಿಲ್ಲ ಎಂಬುದಕ್ಕೆ ಒಂದು ಅಪವಾದವನ್ನು ನಮ್ಮ ಕೂಟದಲ್ಲಿಯೇ ಕಂಡೆ. ಅದು ‘ಭೀಮಾಯಣ’ ಓದಿದಾಗ. 2011ರಲ್ಲಿ ನವಯಾನ ಪ್ರಕಟಿಸಿದ ಈ ಪುಸ್ತಕ, ಅಂಬೇಡ್ಕರ್ ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನದ ಟಿಪ್ಪಣಿಗಳಲ್ಲಿ ಹೇಳಿಕೊಂಡ ಅನುಭವಗಳನ್ನು ಆಧರಿಸಿದೆ. ಮಾತು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು, ಚಿತ್ರ ಮಧ್ಯಪ್ರದೇಶದ ಪರಧಾನ್ ಗೊಂಡ ಕಲಾವಿದ ದಂಪತಿ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು. ಹೀಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಇದು ಚಿತ್ರ ಆತ್ಮಕಥೆಯಲ್ಲ, ಒಬ್ಬರ ಆತ್ಮಕಥೆಗೆ ಇನ್ನೊಬ್ಬರ ಕೈ ಕೊಟ್ಟ ರೂಪ. ಈ ಆಕ್ಷೇಪವನ್ನು ಎತ್ತಿದವರಿದ್ದಾರೆ. ಓದುಗರ ಪ್ರತಿಕ್ರಿಯೆಯ ದೃಷ್ಟಿಯಿಂದ ಮಾತ್ರ ನನಗೆ ಇದಕ್ಕಿಂತ ಹೆಚ್ಚು ಕಲಿಸಿದ ಪುಸ್ತಕ ಇಲ್ಲ.

1901ರಲ್ಲಿ ಬಾಲಕ ಭೀಮರಾವ್, ಅಣ್ಣ ಮತ್ತು ಇತರ ಮಕ್ಕಳ ಜೊತೆ, ಗೋರೆಗಾವ್‌ನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಸಾತಾರಾದಿಂದ ರೈಲಿನಲ್ಲಿ ಹೊರಟು ಮಸೂರ ನಿಲ್ದಾಣದಲ್ಲಿ ಇಳಿಯುತ್ತಾನೆ. ಮಕ್ಕಳು ಮಹಾರರೆಂದು ತಿಳಿದೊಡನೆ ಸ್ಟೇಶನ್ ಮಾಸ್ತರ ಹಿಂದೆ ಸರಿಯುತ್ತಾನೆ. ಗಾಡಿ ಹೊಡೆಯಲು ಯಾರೂ ಒಪ್ಪುವುದಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆದು, ಗಾಡಿಯವನು ಪಕ್ಕದಲ್ಲಿ ನಡೆದು ಬರುವ ಕರಾರಿನ ಮೇಲೆ ಪಯಣ ಸಾಗುತ್ತದೆ. ಬುತ್ತಿ ಇದೆ, ಕುಡಿಯಲು ನೀರಿಲ್ಲ. ಬೆಳಗಾವಿಯಿಂದ ಪುಣೆಗೆ ರೈಲಿನಲ್ಲಿ ಹೋಗುವವರಿಗೆ ಮಸೂರ ಅಪರಿಚಿತ ಹೆಸರಲ್ಲ, ಮಿರಜ ದಾಟಿ ಕರಾಡ ಬಿಟ್ಟ ಮೇಲೆ ಬರುವ ಸಣ್ಣ ಸ್ಟೇಶನ್ನು. “ಎಷ್ಟು ಸಲ ಆ ಸ್ಟೇಶನ್ ನೋಡೇನಿ, ಇದು ಅದs ಅಂತ ಗೊತ್ತಿರಲಿಲ್ಲ” ಎಂದು ಆ ದಿನ ಬ್ಯಾಂಕ್ ಅಧಿಕಾರಿಗಳೇ ಮೊದಲು ಮಾತು ತೆಗೆದರು.

ಈ ಸಲ ಅವರು ಪುಸ್ತಕವನ್ನು ಒಂದು ತಾಸಿನಲ್ಲಿ ಮುಗಿಸಿರಲಿಲ್ಲ, ಮುಗಿಸಲು ಪುಸ್ತಕವೇ ಬಿಟ್ಟಿರಲಿಲ್ಲ. ತಮ್ಮ ಪಾತ್ರಗಳನ್ನು ಡಬ್ಬಿಯೊಳಗೆ ಹಾಕಲು ವ್ಯಾಮ್ ದಂಪತಿ ಒಪ್ಪದ್ದರಿಂದ ಇಲ್ಲಿ ಚೌಕಗಳೇ ಇಲ್ಲ. ಗೊಂಡರ ಮನೆಯ ಗೋಡೆ ನೆಲಗಳ ಮೇಲೆ ಬರೆಯುವ ದಿಗ್ನಾ ವಿನ್ಯಾಸ ಬಾಗಿ ಬಳುಕುತ್ತಾ ಪುಟವನ್ನು ವಿಂಗಡಿಸುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕಣ್ಣೇ ಹುಡುಕಿಕೊಳ್ಳಬೇಕು. ರೈಲು ಇಲ್ಲಿ ಹಾವಾಗಿ ಹರಿಯುತ್ತದೆ. ಮೃದುವಾದ ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ, ವಿಷದ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ, ಮನಸ್ಸಿನೊಳಗಿನ ಮಾತಿಗೆ ಒಂದು ಕಣ್ಣು. ಚೇಳಿನ ಬಾಲದ ಗುಳ್ಳೆಯನ್ನು ಗುರುತಿಸಿದ ಮೇಲೆ ಕೂಟದವರು ಪುಸ್ತಕವನ್ನು ಹಿಂದಕ್ಕೆ ತಿರುಗಿಸಿ, ಯಾರ ಯಾರ ಮಾತಿಗೆ ಕೊಂಡಿ ಇದೆ ಎಂದು ಹುಡುಕತೊಡಗಿದರು. ಒಳ್ಳೆಯವನಂತೆ ನಯವಾಗಿ ಮಾತನಾಡುವವನ ಗುಳ್ಳೆಯಲ್ಲಿ ಕೊಂಡಿ ಇರಬೇಕಿತ್ತೇ ಬೇಡವೇ ಎಂಬುದರ ಮೇಲೆ ವಾದವೇ ನಡೆಯಿತು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ ಆಗಿದ್ದುದರಿಂದ ಮಾತು ಅನಿವಾರ್ಯವಾಗಿ ಚಿತ್ರಕ್ಕೆ ಬಂದಿತ್ತು.

ಮುದ್ದೇಬಿಹಾಳದಿಂದ ಬಂದಿದ್ದ ಕನ್ನಡ ಅಧ್ಯಾಪಕರೊಬ್ಬರು ಅದೇ ಊರಿನಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ನೆನಪಿಸಿದರು. 1994ರ ಆ ಆತ್ಮಕಥೆ ಬಿಡಿಬಿಡಿ ಪ್ರಸಂಗಗಳಲ್ಲಿಯೇ ಸಾಗುವುದರಿಂದ ಚಿತ್ರದಲ್ಲಿ ಬರಲು ಒಗ್ಗುತ್ತದೆ ಎಂಬುದು ಅವರ ವಾದ. ಒಪ್ಪತಕ್ಕ ಮಾತು. ಅದೇ ಸಂಜೆ ಇನ್ನೊಬ್ಬರು, ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು, ಪಟ್ಟದಕಲ್ಲಿನ ಪಾಪನಾಥ ಗುಡಿಯ ಗೋಡೆಗಳ ಮೇಲೆ ರಾಮಾಯಣವನ್ನೇ ಕೆತ್ತಿದ್ದಾರಲ್ಲ ಎಂದರು. ಚಿತ್ರಕಥೆಯ ಪ್ರಸ್ತಾಪ ಬಂದಲ್ಲೆಲ್ಲ ಈ ಮಾತು ಬರುತ್ತದೆ, ಕೇಳಲು ಹಿತವಾಗಿಯೂ ಇರುತ್ತದೆ. ಆದರೆ ಗುಡಿಯ ಗೋಡೆಯ ಮೇಲಿರುವುದು ಎಲ್ಲರಿಗೂ ಗೊತ್ತಿರುವ ದೇವರ ಕಥೆ. ಕೆತ್ತಿದವನು ತನ್ನ ಹಸಿವನ್ನೋ ತನ್ನ ಮನೆಯ ಜಗಳವನ್ನೋ ಅಲ್ಲಿ ಕೆತ್ತಲಿಲ್ಲ. ಚಿತ್ರ ಆತ್ಮಕಥೆಯನ್ನು ಕಷ್ಟದ್ದಾಗಿಸುವುದು ಚಿತ್ರಕ್ಕಿಂತ ಹೆಚ್ಚಾಗಿ ಅದರೊಳಗಿನ ‘ನಾನು’.

ಓದಿಗೆ ಇನ್ನೊಂದು ಅಡ್ಡಿಯೂ ಇದೆ, ಅದನ್ನು ಓದುಗರು ಸಂಕೋಚದಿಂದ ಹೇಳುತ್ತಾರೆ. ಈ ಪುಸ್ತಕಗಳು ಕೈಗೆ ಸಿಗುವುದು ಇಂಗ್ಲಿಷಿನಲ್ಲಿ, ಅದೂ ಪೂರ್ತಿ ದೊಡ್ಡಕ್ಷರಗಳಲ್ಲಿ. ಕನ್ನಡ ಇಲ್ಲವೆ ಮರಾಠಿ ಮಾಧ್ಯಮದಲ್ಲಿ ಓದಿದವರಿಗೆ ಆ ಅಕ್ಷರಗಳ ಸಾಲು ಕಣ್ಣಿಗೆ ಒಗ್ಗುವುದಿಲ್ಲ. ಅನುವಾದ ಮಾಡಿದರಾಯಿತು ಎನ್ನುವುದು ಸುಲಭ. ಇಂಗ್ಲಿಷಿನ ಅಳತೆಗೆ ಬರೆದ ಗುಳ್ಳೆಯೊಳಗೆ ಕನ್ನಡದ ಉದ್ದ ಪದಗಳು ಸಾಲು ಮುರಿದು ಬೀಳುತ್ತವೆ. ಒತ್ತಕ್ಷರಗಳಿಗೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಲೇಖಕರ ಕೈಬರಹವೇ ಚಿತ್ರದ ಭಾಗವಾಗಿರುವಲ್ಲಿ ಡಿಟಿಪಿಯ ಅಕ್ಷರ ಕೂರಿಸಿದರೆ ಪುಟದ ಜೀವ ಹೋಗುತ್ತದೆ. ಕನ್ನಡದಲ್ಲಿ ಕೈಯಿಂದ ಅಕ್ಷರ ಬರೆಯಬಲ್ಲ ಕಲಾವಿದರಿಗೆ ಬೆಳಗಾವಿ ಬಾಗಲಕೋಟೆಗಳಲ್ಲಿ ಬರವಿಲ್ಲ, ಬೋರ್ಡು ಬರೆಯುವ ಎಷ್ಟೋ ಕೈಗಳು ಫ್ಲೆಕ್ಸ್ ಬಂದ ಮೇಲೆ ಕೆಲಸವಿಲ್ಲದೆ ಕುಳಿತಿವೆ.

ಹಣದ ಲೆಕ್ಕ ಇದಕ್ಕಿಂತ ಬಿಗಿ. ಸ್ಪೀಗೆಲ್‌ಮನ್ ಸುಮಾರು 300 ಪುಟಗಳ ‘ಮೌಸ್’ ಅನ್ನು 1980ರಿಂದ 1991ರವರೆಗೆ ಕಂತು ಕಂತಾಗಿ ಪ್ರಕಟಿಸಿದರು. ಕನ್ನಡದ ಪ್ರಕಾಶಕರು ನಂಬಿರುವ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಒಂದೇ ಪಟ್ಟಿಗೆ ಕುಳಿತು ಬರೆದ ಪುಟಕ್ಕೂ ವಾರಗಟ್ಟಲೆ ಕುಳಿತು ಬಿಡಿಸಿದ ಪುಟಕ್ಕೂ ಇರುವ ಅಂತರ ಅಂತಹ ಲೆಕ್ಕಕ್ಕೆ ಕಾಣುವುದಿಲ್ಲ. ಇದಕ್ಕೆ ಓದುಗರ ಪ್ರತಿಕ್ರಿಯೆಯೂ ನೀರೆರೆಯುತ್ತದೆ. “ಒಂದು ತಾಸಿನ ಪುಸ್ತಕ” ಎಂದು ಓದುಗನೇ ತೂಗಿದ ಮೇಲೆ ಪ್ರಕಾಶಕ ಹೆಚ್ಚು ಬೆಲೆ ಇಡುವ ಧೈರ್ಯ ಮಾಡುವುದು ಹೇಗೆ?

ಹಾಗೆಂದು ಬರೆಯಬೇಕಾದ ಬದುಕುಗಳಿಗೇನೂ ಕೊರತೆಯಿಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಬಾಗಲಕೋಟೆಯ ಹಳೆಯ ಊರಿನ ಎಷ್ಟೋ ಓಣಿಗಳು ಹೋದವು, ಸುತ್ತಲಿನ ಹಳ್ಳಿಗಳು ಹೋದವು, ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋದರು. ಈಗ 519.60 ಮೀಟರ್ ಇರುವ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆಯಿಂದ ಮುಳುಗಡೆಯ ಮಾತು ಮತ್ತೆ ಮನೆಮನೆಯಲ್ಲಿದೆ. ಮುಳುಗಿದ ಓಣಿಯ ಫೋಟೊ ಕೆಲವರ ಹತ್ತಿರ ಮಾತ್ರ ಇದೆ, ನೆನಪು ಎಲ್ಲರ ಹತ್ತಿರ ಇದೆ. ಇಲ್ಲದ ಮನೆಯನ್ನು ನೆನಪಿನಿಂದ ಬಿಡಿಸಿ ತೋರಿಸಲು ಇದಕ್ಕಿಂತ ತಕ್ಕ ಪ್ರಕಾರ ಇನ್ನೊಂದಿಲ್ಲ. ನವನಗರದ ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿ ಹೇಳಿದ ಹಳೆಯ ಮನೆಯನ್ನು ಕೆಲವು ಪುಟಗಳಲ್ಲಿ ಬಿಡಿಸಿ ಕೂಟಕ್ಕೆ ತಂದಿದ್ದಳು. ಪರಿಹಾರದ ಹಣ ಬಂದಾಗ ಅಣ್ಣತಂಗಿಯರ ನಡುವೆ ನಡೆದ ಜಗಳವೂ ಅದರಲ್ಲಿತ್ತು.

ಅವಳ ತಾಯಿಗೆ ಜಗಳ ಬರೆದದ್ದರ ಬಗ್ಗೆ ಆಕ್ಷೇಪವಿರಲಿಲ್ಲ, ಮುಖ ಬರೆದದ್ದರ ಬಗ್ಗೆ ಇತ್ತು. “ನಿಮ್ಮ ಮಾಮಾನ ಮಾರಿ ಹಂಗs ತಗದೀಯಲ್ಲ, ಮಂದಿ ಗುರ್ತ ಹಿಡೀತಾರ” ಎಂದಿದ್ದರಂತೆ. ಬರಹದ ಆತ್ಮಕಥೆಯಲ್ಲಿ ಹೆಸರು ಬದಲಿಸಿದರೆ ಮಾನ ಉಳಿಯುತ್ತದೆ, ಚಿತ್ರದಲ್ಲಿ ಹೆಸರು ಬದಲಿಸಿ ಪ್ರಯೋಜನವಿಲ್ಲ. ಎಲ್ಲರಿಗೆ ಎಲ್ಲರೂ ಗೊತ್ತಿರುವ ಊರುಗಳಲ್ಲಿ ಇದು ಸಣ್ಣ ಸಮಸ್ಯೆಯಲ್ಲ. ಕಾಶ್ಮೀರದ ಮಲಿಕ್ ಸಜಾದ್ 2015ರ ‘ಮುನ್ನು’ವಿನಲ್ಲಿ ತಮ್ಮ ಜನರನ್ನೆಲ್ಲ ಅಳಿವಿನಂಚಿನಲ್ಲಿರುವ ಹಂಗುಲ್ ಜಿಂಕೆಗಳಾಗಿ ಬರೆದಿದ್ದಾರೆ. ಅದಕ್ಕೆ ಬೇರೆ ದೊಡ್ಡ ಅರ್ಥಗಳಿವೆ, ಜೊತೆಗೆ ಇಂತಹ ಒಂದು ಅನುಕೂಲವೂ ಇದೆ ಎಂದು ನಾನು ಅವಳಿಗೆ ಹೇಳಿದೆ. ಅವಳಿಗೆ ಪ್ರಾಣಿಗಳು ಬೇಕಿರಲಿಲ್ಲ. ಹಾಗಾದರೆ ಮಾಮನ ಮೀಸೆಯನ್ನಾದರೂ ತೆಗೆದುಬಿಡು, ಯಾರಿಗೂ ಗುರುತು ಸಿಗುವುದಿಲ್ಲ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು. “ಮೀಸಿ ತಗದ್ರ ಅವ ರೊಕ್ಕದ ಜಗಳಕ್ಕಿಂತ ಹೆಚ್ಚ ಸಿಟ್ಟಾಗ್ತಾನ್ರಿ ಅಜ್ಜಾರ” ಎಂದಳು ಹುಡುಗಿ.